ಮಾರ್ಷಲ್‌ನ ಕಾಲುನೋವು

ಮಾನ್ಯರೇ,

ಅಮೆರಿಕದ ಹಳೆಯ ಕೌಬಾಯ್ ಧಾರಾವಾಹಿಗಳ ಮಾತು ಬಂದರೆ ಸಾಕು, ಎಲ್ಲರೂ ಕುದುರೆ, ಪಿಸ್ತೂಲುಗಳನ್ನೇ ನೆನೆಯುತ್ತಾರೆ. ನನಗೆ ನೆನಪಾಗುವುದು ‘ಗನ್‌ಸ್ಮೋಕ್’ನ ಮಾರ್ಷಲ್ (ಊರಿನ ಕಾನೂನು ಕಾಯುವ ಅಧಿಕಾರಿ) ಮ್ಯಾಟ್ ಡಿಲನ್ ಪಾತ್ರಧಾರಿ ಜೇಮ್ಸ್ ಆರ್ನೆಸ್ ಅವರ ಬಲಗಾಲು.

ಎರಡನೇ ಮಹಾಯುದ್ಧದ ವೇಳೆ, 1944ರಲ್ಲಿ ಇಟಲಿಯ ಆಂಜಿಯೊ ತೀರದಲ್ಲಿ ಅಮೆರಿಕದ ಸೇನೆ ಇಳಿಯುವಾಗ ದೋಣಿಯಿಂದ ಮೊದಲು ನೀರಿಗಿಳಿಸಿದ್ದು ಇವರನ್ನು. ಆರು ಅಡಿ ಏಳು ಅಂಗುಲದ ಆಳು. ನೀರಿನ ಆಳವನ್ನು ಇವರ ಮೈಯಿಂದಲೇ ಅಳೆದರು! ಇಪ್ಪತ್ತರ ಹರೆಯದ ಹುಡುಗ, ಕತ್ತಲಲ್ಲಿ, ಎದುರಿಗೆ ಶತ್ರುವಿನ ತೀರ. ಕೆಲವೇ ದಿನಗಳಲ್ಲಿ ಆ ಕಾಲಿಗೆ ಗುಂಡು ಬಿತ್ತು. ತಿಂಗಳುಗಟ್ಟಲೆ ಆಸ್ಪತ್ರೆವಾಸ. ನೋವು ಮಾತ್ರ ಜೀವನಪರ್ಯಂತ ಉಳಿಯಿತು.

ಅದೇ ಕಾಲಿನಲ್ಲಿ 1955ರಿಂದ 1975ರವರೆಗೆ, 635 ಕಂತುಗಳಲ್ಲಿ, ಧಾರಾವಾಹಿಯ ಊರಾದ ಡಾಡ್ಜ್ ಸಿಟಿಯ ಬೀದಿಯಲ್ಲಿ ನಡೆದರು, ಕುದುರೆ ಹತ್ತಿದರು. ಒಂದೇ ಪಾತ್ರಕ್ಕೆ ಇಪ್ಪತ್ತು ವರ್ಷ! ಸಂದರ್ಶನಗಳಿಂದ ಆದಷ್ಟು ದೂರವಿದ್ದ ಅವರು 2011ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಿನಿಮಾ ತಾರೆಯರಿಗೆ ಪುಟಗಟ್ಟಲೆ ಜಾಗ ಕೊಡುವ ನಮ್ಮ ಪತ್ರಿಕೆಗಳು ಕಿರುತೆರೆಯ ಇಂಥ ಕಲಾವಿದರ ಬದುಕನ್ನೂ ಆಗಾಗ ಪರಿಚಯಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಧಾರವಾಡ