ಬೋಲೆ ಬಟ್ಟಲಿನ ತಳದ ಹಣ್ಣು

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಹಬ್ಬದ ಕೂಟಕ್ಕೆ ಹಣ್ಣು ಹಾಕಿದ ಬಿಳಿ ವೈನ್ ಪಂಚ್ ಮಾಡುವ ಬಗೆ ಬಂದಿತ್ತು. ದೊಡ್ಡ ಗಾಜಿನ ಬಟ್ಟಲು, ಮೇಲೆ ತೇಲುವ ಸ್ಟ್ರಾಬೆರಿ, ನಿಂಬೆ ಬಿಲ್ಲೆ, ಪುದೀನ. ಚಿತ್ರ ನೋಡಿ ನಮ್ಮನೆಯ ಬಟ್ಟಲೇ ನೆನಪಾಯಿತು. ಬರಹ ಚೆನ್ನಾಗಿದೆ. ಆದರೆ ಹಣ್ಣನ್ನು ರಾತ್ರಿಯಿಡೀ ವೈನಿನಲ್ಲಿ ನೆನೆಸಿ ಅಂತ ಬರೆದವರು, ಆ ಹಣ್ಣು ಮಕ್ಕಳ ಕೈಗೆ ಸಿಗಬಾರದು ಅಂತ ಬರೆದಿಲ್ಲ. ಅದಕ್ಕೇ ಈ ಪತ್ರ.

ನಾನು ತೀರ್ಥಹಳ್ಳಿ ಕಡೆಯವಳು. 16 ವರ್ಷದಿಂದ ಜರ್ಮನಿಯ ಮೈಂಜ್‌ನಲ್ಲಿದ್ದೇನೆ. ರೈನ್ ನದಿ ದಂಡೆಯ ಊರು, ಸುತ್ತಮುತ್ತ ದ್ರಾಕ್ಷಿ ತೋಟ. ಇಲ್ಲಿ ಮೇ 1 ರಜೆ. ಹಿಂದಿನ ಸಂಜೆಯೇ ಕುಣಿತ ಶುರುವಾಗುತ್ತದೆ, ಮಾರನೇ ದಿನ ತೋಟಗಳಲ್ಲಿ ಕೂಟ. ಅವತ್ತಿನ ಪಾನೀಯ ಮೈಬೋಲೆ. ಜರ್ಮನ್‌ನಲ್ಲಿ ಮೈ ಅಂದರೆ ಮೇ ತಿಂಗಳು, ಬೋಲೆ ಅಂದರೆ ಬಟ್ಟಲಲ್ಲಿ ಬೆರೆಸಿದ ಪಂಚ್. ಇದು ಬಹಳ ಹಳೆಯದು. ಪ್ರ್ಯೂಮ್ ಮಠದ ವಾಂಡಲ್ಬರ್ಟ್ ಎಂಬ ಸನ್ಯಾಸಿ 854ರಲ್ಲೇ ಇದನ್ನು ಬರೆದಿಟ್ಟಿದ್ದಾನೆ, ಔಷಧಿ ಅಂತ.

ನನಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಈ ಬೋಲೆಯ ಜೀವ ಇರುವುದು ವಾಲ್ಡ್‌ಮೈಸ್ಟರ್ ಎಂಬ ಸೊಪ್ಪಿನಲ್ಲಿ. ಬೀಚ್ ಮರದ ಕಾಡಿನ ನೆರಳಲ್ಲಿ, ನೆಲಕ್ಕೆ ಅಂಟಿದ ಹಾಗೆ ಬೆಳೆಯುತ್ತದೆ. ಕಡ್ಡಿಯ ಸುತ್ತ ಕೊಡೆ ಬಿಚ್ಚಿದಂತೆ ಎಲೆ. ಬಿಳಿ ಹೂ ಬಿಡುವ ಮೊದಲೇ ಕೊಯ್ಯಬೇಕು. ಕೊಯ್ದ ತಕ್ಷಣ ಮೂಸಿದರೆ ಸುಮ್ನೆ ಹಸಿ ಹುಲ್ಲು, ಅಷ್ಟೇ. ಒಂದು ರಾತ್ರಿ ಬಟ್ಟೆಯ ಮೇಲೆ ಬಾಡಲು ಬಿಟ್ಟರೆ ಬೆಳಿಗ್ಗೆ ಅಡುಗೆಮನೆಯೆಲ್ಲ ಘಮ ಘಮ. ಮೊದಲ ಸಲ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮನೆ ಕಣದಲ್ಲಿ ಹೊಸದಾಗಿ ಒಟ್ಟಿದ ಹುಲ್ಲಿನ ಗೊಣಬೆ ವಾಸನೆ ಅದು. ಜೊತೆಗೆ ಸ್ವಲ್ಪ ವೆನಿಲಾ. ಕೂಮರಿನ್ ಎಂಬ ಅಂಶದಿಂದ ಆ ಪರಿಮಳ ಬರುತ್ತದೆ.

ಅದೇ ಕೂಮರಿನ್ ಜಾಸ್ತಿಯಾದರೆ ತಲೆನೋವು, ಇನ್ನೂ ಹೆಚ್ಚಾದರೆ ಲಿವರಿಗೆ ಕೆಟ್ಟದ್ದು. ಹಾಗಾಗಿ ಲೀಟರ್ ವೈನಿಗೆ 3 ಗ್ರಾಂ ಹಸಿ ಸೊಪ್ಪು ಮೀರಬಾರದು. ಅಜ್ಜಿ ಕೈ ಅಂದಾಜಿಗೆ ಹಾಕುತ್ತಿದ್ದರು. ನಾನು ಬಾಡಿಸುವ ಮೊದಲೇ ತಕ್ಕಡಿಯಲ್ಲಿ ತೂಗುತ್ತೇನೆ. ಎರಡು ಬಾಟಲಿ ರೀಸ್ಲಿಂಗ್ ಎಂಬ ಬಿಳಿ ವೈನ್‌ಗೆ 4 ಗ್ರಾಂ. ಸೊಪ್ಪನ್ನು ದಾರದಲ್ಲಿ ಕಟ್ಟಿ ತಲೆಕೆಳಗಾಗಿ ಇಳಿಬಿಡಬೇಕು. ಕೊಯ್ದ ತುದಿ ವೈನಿಗೆ ತಾಗಿದರೆ ಕಹಿ ಬರುತ್ತದೆ. ಅರ್ಧ ಗಂಟೆಯೊಳಗೆ ಎತ್ತಿಬಿಡಬೇಕು. ಆಮೇಲೆ ಎರಡು ಚಮಚ ಸಕ್ಕರೆ, ನಿಂಬೆ, ಹೆಚ್ಚಿದ ಸ್ಟ್ರಾಬೆರಿ. ಬಡಿಸುವ ಹೊತ್ತಿಗೆ ಒಂದು ಬಾಟಲಿ ತಣ್ಣಗಿನ ಸೆಕ್ಟ್, ಅಂದರೆ ನೊರೆ ಬರುವ ವೈನ್. ಬಣ್ಣ ತಿಳಿ ಹೊನ್ನಿನದು. ಅಂಗಡಿಯಲ್ಲಿ ಸಿಗುವ ಕಡು ಹಸಿರು ಸಿರಪ್ಪಿಗೂ ಇದಕ್ಕೂ ಸಂಬಂಧ ಇಲ್ಲ.

ಇಷ್ಟು ಜೋಪಾನವಾಗಿ ಮಾಡುವ ನನ್ನ ಮನೆಯಲ್ಲೇ ಅದು ನಡೆಯಿತು.

ನಾಲ್ಕು ವರ್ಷದ ಹಿಂದೆ, ಬೇಸಿಗೆ ರಜೆಗೆ ಅಂತ ದಾವಣಗೆರೆಯಿಂದ ತಂಗಿ ಮತ್ತು ಅವಳ ಮಗಳು ಬಂದಿದ್ದರು. ಮಗುವಿಗೆ ಆರು ವರ್ಷ. ಮೇ 1ಕ್ಕೆ ಏಳು ಕನ್ನಡದ ಕುಟುಂಬ ನಮ್ಮ ತೋಟದಲ್ಲಿ ಸೇರಿದ್ದೆವು. ಚಿತ್ರಾನ್ನ, ಕೋಸಂಬರಿ, ಒಂದು ಬಟ್ಟಲು ಬೋಲೆ. ದೊಡ್ಡವರು ಲೋಟದಲ್ಲಿ ಕುಡಿದು ತಳದ ಹಣ್ಣನ್ನು ಹಾಗೇ ಬಿಟ್ಟಿದ್ದರು. ಮಗು ಒಂದು ಚಮಚ ಹಿಡಿದು, ಲೋಟದಿಂದ ಲೋಟಕ್ಕೆ ಹೋಗಿ ಸ್ಟ್ರಾಬೆರಿ ತಿಂದಿದೆ. ಹಣ್ಣಿನ ಸಲಾಡ್ ಅಂದುಕೊಂಡಿತ್ತು. ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆನ್ನೆ ಕೆಂಪಾಯಿತು, ನಗು ಜಾಸ್ತಿಯಾಯಿತು. ಆಮೇಲೆ ವಾಂತಿ. ಆಮೇಲೆ ಎಬ್ಬಿಸಿದರೂ ಏಳದಂಥ ನಿದ್ದೆ.

ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದೆವು. ತಕ್ಷಣ ಆಸ್ಪತ್ರೆಗೆ ಹೋಗಿ ಅಂದರು. ಚಿಕ್ಕ ಮಕ್ಕಳಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ಇಳಿಸಿಬಿಡುತ್ತದೆ, ಸಕ್ಕರೆ ಒದಗಿಸುವ ಲಿವರಿನ ಕೆಲಸಕ್ಕೇ ಅಡ್ಡ ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ರಾತ್ರಿಯಿಡೀ ಗ್ಲೂಕೋಸ್ ಹಾಕಿ ನೋಡಿಕೊಂಡರು. ಬೆಳಿಗ್ಗೆ ಮಗು ಎದ್ದು ಇಡ್ಲಿ ಕೇಳಿತು. ತಂಗಿ ಒಂದು ಮಾತೂ ಬೈಯಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ವಿಸ್ಕಿ ಬಾಟಲಿಯನ್ನು ಯಾರೂ ಮಕ್ಕಳ ಕೈಗೆಟಕುವಲ್ಲಿ ಇಡುವುದಿಲ್ಲ. ಪಂಚ್ ಬಟ್ಟಲನ್ನು ಇಡುತ್ತೇವೆ, ಅದು ಶರಬತ್ತಿನ ಹಾಗೆ ಕಾಣುತ್ತದಲ್ವಾ? ದೊಡ್ಡವರಿಗೂ ಹಾಗೇ. ವೈನು, ಸೆಕ್ಟ್ ಎರಡೂ ಶೇಕಡಾ 11-12ರಷ್ಟು ಮದ್ಯ ಇರುವಂಥವು. ಅಂಥ ಒಂದು 200 ಎಂಎಲ್ ಲೋಟದಲ್ಲಿ ಹೆಚ್ಚೂಕಡಿಮೆ ಅರ್ಧ ಲೀಟರ್ ಬಿಯರಿನಷ್ಟು ಮದ್ಯ ಇರುತ್ತದೆ. ಸಿಹಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ಗಾಡಿ ಓಡಿಸುವವರಿಗೆ 100 ಎಂಎಲ್ ರಕ್ತದಲ್ಲಿ 50 ಮಿಲಿಗ್ರಾಂ ಮಿತಿ. ನಮ್ಮ ದೇಶದಲ್ಲಿ 30. ಎರಡು ಲೋಟ ಪಂಚ್ ಕುಡಿದು ಬೈಕ್ ಹತ್ತುವವರಿಗೆ ಇದನ್ನು ಹೇಳಲೇಬೇಕು.

ಬೋಲೆ ಮಾಡುವುದನ್ನು ನಾನು ಬಿಟ್ಟಿಲ್ಲ. ಬಿಡಬೇಕಾಗಿಯೂ ಇಲ್ಲ. ಈಗ ನಮ್ಮಲ್ಲಿ ಎರಡು ಬಟ್ಟಲು. ವೈನಿನದು ಗಾಜಿನದು, ಎತ್ತರದ ಕಪಾಟಿನ ಮೇಲೆ, ಬಡಿಸುವವಳು ನಾನೊಬ್ಬಳೇ. ಅದಕ್ಕೆ ಹಣ್ಣು ಹಾಕುವುದಿಲ್ಲ. ಸೊಪ್ಪಿನ ಪರಿಮಳವೇ ಸಾಕು, ನನ್ನ ಕೇಳಿದರೆ ರುಚಿಯೂ ಹಾಗೇ ಹೆಚ್ಚು. ಮೇಜಿನ ಮೇಲೆ ಸ್ಟೀಲಿನ ದೊಡ್ಡ ಪಾತ್ರೆ. ಅದರಲ್ಲಿ ಪಾನಕ. ಬೆಲ್ಲ, ನಿಂಬೆ, ಏಲಕ್ಕಿ, ಕರಿಮೆಣಸು, ಜೊತೆಗೆ ಬೇಕಾದಷ್ಟು ಸ್ಟ್ರಾಬೆರಿ. ಜರ್ಮನ್ ನೆರೆಯವರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಖಾಲಿ ಲೋಟಗಳನ್ನು ಆಗಿಂದಾಗಲೇ ತೊಳೆದಿಡುತ್ತೇವೆ.

ಊರಲ್ಲಿ ಮಾಡುವವರು ವಾಲ್ಡ್‌ಮೈಸ್ಟರ್ ಹುಡುಕಬೇಡಿ. ದೊಡ್ಡಬಳ್ಳಾಪುರದ ಕಡೆಯ ಬಿಳಿ ವೈನಿಗೆ ಒಂದು ಕಡ್ಡಿ ಮಜ್ಜಿಗೆ ಹುಲ್ಲು ಚೆನ್ನಾಗಿ ಹೊಂದುತ್ತದೆ. ಮಾವಿನ ಹೋಳನ್ನು ಮಾತ್ರ ಬೇರೆ ತಟ್ಟೆಯಲ್ಲಿಡಿ.

ಸಂಪಾದಕರಲ್ಲಿ ಒಂದು ಬೇಡಿಕೆ. ಈಸ್ಟರ್ ಹತ್ತಿರ ಬಂತು, ಅದರ ಹಿಂದೆಯೇ ಶಾಲೆಗೆ ರಜೆ. ಆ ಬರಹ ಕತ್ತರಿಸಿ ಇಟ್ಟುಕೊಂಡವರು ಎಷ್ಟೋ ಜನ ಇರುತ್ತಾರೆ. ಈ ಭಾನುವಾರದ ಪುರವಣಿಯಲ್ಲಿ, ಅದೇ ಪುಟದಲ್ಲಿ, ಎರಡು ಸಾಲು ಹಾಕಿ: ನೆನೆಸಿದ ಹಣ್ಣಿನಲ್ಲೂ ಮದ್ಯ ಇರುತ್ತದೆ, ಮಕ್ಕಳಿಗೆ ಕೊಡಬೇಡಿ.

— ತೀರ್ಥಹಳ್ಳಿ ಮೂಲದ ಓದುಗಳು, ಮೈಂಜ್, ಜರ್ಮನಿ