ಹಸಿರು ಸೀರೆಯ ಅಕ್ಕನಿಗೆ

2024ರಲ್ಲಿ ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ಮೂರನೇ ಭಾನುವಾರ, ಗುಲಾಬಿ ಮೇಣದಬತ್ತಿ ಹಚ್ಚುವ ದಿನ, ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾ ಚರ್ಚಿನಲ್ಲಿ ನಮ್ಮಮ್ಮನಿಗೆ ನೆರವಾದ ಅಕ್ಕನಿಗೆ ಧನ್ಯವಾದ.

ಅಮ್ಮನಿಗೆ ಮೊಣಕಾಲು ಬಗ್ಗುವುದಿಲ್ಲ. ಪೂಜೆ ಮುಗಿಸಿ ಹೊರಬಂದಾಗ ಚಪ್ಪಲಿಯ ಬಾರು ಬಿಚ್ಚಿಕೊಂಡಿತ್ತು. ನೀವು ಒಳ್ಳೆ ಸೀರೆಯಲ್ಲೇ ನೆಲಕ್ಕೆ ಕೂತು ಕಟ್ಟಿಕೊಟ್ಟಿರಿ. ಅಂದು ಪೂಜೆಯಲ್ಲಿ ಓದಿದ ಶುಭಸಂದೇಶ, ಅಂದರೆ ಬೈಬಲಿನ ಯೇಸುವಿನ ಕಥೆಯ ಭಾಗ, ಲೂಕನದು. ಬರಲಿರುವವನ, ಅಂದರೆ ಯೇಸುವಿನ, ಪಾದರಕ್ಷೆಯ ಬಾರು ಬಿಚ್ಚಲೂ ತಾನು ಯೋಗ್ಯನಲ್ಲ ಎನ್ನುತ್ತಾನೆ ಅದರಲ್ಲಿ ಯೇಸುವಿಗೆ ದಾರಿ ಸಿದ್ಧಮಾಡಲು ಬಂದ ಸ್ನಾನಿಕ ಯೊವಾನ್ನ. ಎಷ್ಟು ವರ್ಷದಿಂದ ಸುಮ್ನೆ ಕೇಳಿಸಿಕೊಂಡು ಬಂದ ಮಾತು, ಅಲ್ವಾ? ಡಿಸೆಂಬರ್ ಬಂದರೆ ನಮಗೆ ಗೋದಲಿ, ಕೇಕು, ಹೊಸ ಬಟ್ಟೆಯ ಗಡಿಬಿಡಿಯೇ ಜಾಸ್ತಿ. ಆಗಮನ ಕಾಲದಲ್ಲಿ ಪಾದ್ರಿಗಳು ಪಶ್ಚಾತ್ತಾಪ, ಸಿದ್ಧತೆಯ ಗುರುತಾದ ನೇರಳೆ ವಸ್ತ್ರ ತೊಡುವುದು ಯಾಕೆ ಅಂತ ಯಾರು ಯೋಚಿಸುತ್ತಾರೆ!

ಹೆಸರು ಕೇಳುವಷ್ಟರಲ್ಲಿ ನೀವು ಮುಂದಿನ ಪೂಜೆಗೆ ಒಳಗೆ ಹೋಗಿದ್ದಿರಿ. ಅಮ್ಮ ಈಗಲೂ ಜಪಸರ ಹಿಡಿದಾಗ ನಿಮಗಾಗಿ ಬೇಡಿಕೊಳ್ಳುತ್ತಾರೆ.