ಜೆಫರ್ಸನ್‌ಗೆ ಬಂದ ಅಹವಾಲುಗಳು

ಮಾನ್ಯ ಸಂಪಾದಕರೇ,

ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಪತ್ರವ್ಯವಹಾರದ ಮಾತು ಬಂದಾಗಲೆಲ್ಲ, ಧರ್ಮ ಮತ್ತು ಸರ್ಕಾರದ ನಡುವೆ ಗೋಡೆಯಿರಬೇಕೆಂದು ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟ್ ಕ್ರೈಸ್ತ ಪಂಗಡದವರಿಗೆ 1802ರ ಜನವರಿ 1ರಂದು ಅವರು ಬರೆದ ಉತ್ತರವಷ್ಟೇ ಉಲ್ಲೇಖವಾಗುತ್ತದೆ. ಅವರನ್ನು ನಿಜವಾಗಿ ಪರೀಕ್ಷೆಗೊಡ್ಡಿದ್ದು ಎರಡನೆಯ ಅವಧಿಯ ಕೊನೆಯಲ್ಲಿ ಬಂದ ಕಾಗದಗಳು.

ಯುದ್ಧನಿರತ ಬ್ರಿಟನ್ ಮತ್ತು ಫ್ರಾನ್ಸ್ ಅಮೆರಿಕದ ಹಡಗುಗಳನ್ನು ವಶಪಡಿಸಿಕೊಳ್ಳುತ್ತಿದ್ದುದಕ್ಕೆ ಪ್ರತಿಯಾಗಿ, 1807ರ ಡಿಸೆಂಬರ್‌ನಲ್ಲಿ ಅಮೆರಿಕ ತನ್ನ ಹಡಗುಗಳೇ ವಿದೇಶಗಳಿಗೆ ಹೋಗದಂತೆ ನಿರ್ಬಂಧಿಸುವ ಕಾಯ್ದೆ ತಂದಿತು. ಬಂದರುಗಳು ಸ್ತಬ್ಧವಾದಾಗ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಊರುಗಳು ಸಭೆ ಸೇರಿ, ನಿರ್ಣಯ ಅಂಗೀಕರಿಸಿ, ಕಾಯ್ದೆಯನ್ನು ಅಮಾನತಿನಲ್ಲಿಡಬೇಕೆಂದು ಅಧ್ಯಕ್ಷರಿಗೆ ಮನವಿ ಕಳಿಸಿದವು. ಸಂಕಷ್ಟಕ್ಕೆ ಸಿಲುಕಿದ ಸಾಮಾನ್ಯರು ನೇರವಾಗಿ, ಕೆಲವರು ಬೈಗುಳದ ಭಾಷೆಯಲ್ಲೇ, ಬರೆದರು. ಅಂಥವನ್ನೂ ಅವರು ಹರಿದೆಸೆಯದೆ ಇಟ್ಟುಕೊಂಡರೆಂಬುದು ಮೆಚ್ಚತಕ್ಕ ಸಂಗತಿ.

ಆದರೆ 1808ರ ಆಗಸ್ಟ್ 26ರಂದು ಬಾಸ್ಟನ್ ಮೊದಲಾದ ಊರುಗಳಿಗೆ ಹೋದ ಉತ್ತರ, ಎಷ್ಟೇ ವಿನಯದಿಂದ ಕೂಡಿದ್ದರೂ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ವಿಧಿಸಿದ ಷರತ್ತುಗಳು ಈಡೇರದೆ ಕಾಯ್ದೆಯನ್ನು ಅಮಾನತಿನಲ್ಲಿಡಲಾಗದು ಎಂಬಲ್ಲಿಗೆ ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಕಾಯ್ದೆಯ ಪ್ರತಿಪಾದಕರೇ ಅವರಾಗಿದ್ದುದರಿಂದ ನನಗದು ಪೂರ್ಣ ಉತ್ತರವೆನಿಸುವುದಿಲ್ಲ. ಅಧಿಕಾರ ಬಿಡಲು ಮೂರು ದಿನಗಳಿದ್ದಾಗ, 1809ರ ಮಾರ್ಚ್ 1ರಂದು, ನಿರ್ಬಂಧ ತೆಗೆಯುವ ಮಸೂದೆಗೆ ಅವರೇ ಸಹಿ ಹಾಕಿದರು.

ಇಂತಿ,
ಓರ್ವ ಓದುಗ, ಮೈಸೂರು